‘ನಾನು ಇಲ್ಲೇ ಇದ್ದೀನಿ, ಜಾಗ ಖಾಲಿ ಹೇಗಾಯ್ತು?’
ಕೆಜಿಎಫ್ ಕೃಷ್ಣಮೃಗದೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಕಡಲತೀರದ ಸೀಲ್ ಎಂಬ ಪ್ರಾಣಿಗಳ ಮೇಲೆ ಕಣ್ಣಿಡುವ ಸ್ವಯಂಸೇವಕರ ಬಗ್ಗೆ ಬರೆಯಬೇಕೆಂದು ಸಂಪಾದಕರು ಹೇಳಿದಾಗ ಪತ್ರಿಕೆಯ ಪ್ರತಿನಿಧಿಗೆ ದಿಕ್ಕು ತೋಚಲಿಲ್ಲ. ಕೋಲಾರ ಜಿಲ್ಲೆಗೆ ಕಡಲೇ ಇಲ್ಲ. ಇಲ್ಲಿನವರಿಗೆ ಗೊತ್ತಿರುವ ದೊಡ್ಡ ಸೀಲ್ ಒಂದೇ, 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗೆ ಬಿದ್ದದ್ದು.

ಕೊನೆಗೆ, ಸೀಲ್ ಇಲ್ಲದಿದ್ದರೇನು, ನಮ್ಮೂರ ಕೃಷ್ಣಮೃಗವನ್ನೇ ಕೇಳೋಣವೆಂದು ಬಂಗಾರಪೇಟೆಯಲ್ಲಿ ತಿಳಿನೀರಿನಂಥ ಪಾನಿಯ ಪಾನಿಪುರಿ ತಿಂದು, ಮಾರಿಕುಪ್ಪಂ ರೈಲು ಹತ್ತಿ, ಊರ್ಗಾಂನಲ್ಲಿ ಇಳಿದರು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದಾಚೆ ಬಯಲಿನಲ್ಲಿ ತಿರುಚುಗೊಂಬಿನ ಗಂಡು ಕೃಷ್ಣಮೃಗವೊಂದು ನಿಂತಿತ್ತು. ಅದರ ಕಾಲಬುಡದಲ್ಲಿ ಕರಿಮಣಿ ಸುರಿದಂತೆ ಹಿಕ್ಕೆಯ ರಾಶಿ. ಮೇಲಿನದು ಹಸಿ, ಅಡಿಯದು ಒಣಗಿ ಬೆಳ್ಳಗಾಗಿತ್ತು. ‘ಈ ಜಾಗ ನಂದು’ ಎಂದು ಸಾರಲು ಗಂಡು ಮತ್ತೆ ಮತ್ತೆ ಒಂದೇ ಕಡೆ ಹಾಕುವ ಸಹಿ ಅದು.

ಪ್ರತಿನಿಧಿ: ನಮಸ್ಕಾರ. ಹತ್ತಿರ ಬರಬಹುದೇ?

ಕೃಷ್ಣಮೃಗ: ಬೇಡ ಸ್ವಾಮಿ, ಅಲ್ಲಿಂದಲೇ ಕೇಳಿ. ನನಗೆ ಕಿವಿ ಚೆನ್ನಾಗಿದೆ.

ಪ್ರತಿನಿಧಿ: ಸೀಲ್ ಅನ್ನೋ ಪ್ರಾಣಿ ಗೊತ್ತೇ?

ಕೃಷ್ಣಮೃಗ: ಗೊತ್ತಿಲ್ಲದೆ ಏನು? 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತಲ್ಲ, ಆಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರೂ ಬಂದರು. ಅವರೂರಿನ ಬಂಡೆಗಳ ಮೇಲೆ ಬೂದು ಸೀಲ್‌ಗಳು ಮೈಚಾಚಿ ಮಲಗುತ್ತವೆ. ಈಗ ಅಲ್ಲಿನ ಸಾಮಾನ್ಯ ಜನ ದೂರದಿಂದಲೇ ಫೋಟೋ ತೆಗೆದು, ತುಪ್ಪಳದ ಮಚ್ಚೆ ನೋಡಿ, ಇದು ಹೋದ ವರ್ಷ ಬಂದದ್ದೇ ಎಂದು ಗುರುತು ಹಿಡಿದು ಬರೆದಿಡುತ್ತಾರೆ. ಸಂಬಳವಿಲ್ಲ, ಕೈಯಲ್ಲಿ ಪುಸ್ತಕ ಮಾತ್ರ.

ಪ್ರತಿನಿಧಿ: ನಿಮ್ಮನ್ನೂ ನೋಡೋಕೆ ಜನ ಬರ್ತಾರಲ್ಲ?

ಕೃಷ್ಣಮೃಗ: ಬರ್ತಾರೆ. ನಾನು ನೆಗೆಯೋದು ಫೋಟೋದಲ್ಲಿ ಬರಲಿ ಅಂತ ಬೈಕಿನಲ್ಲಿ ಅಟ್ಟಿಸ್ಕೊಂಡು ಬರ್ತಾರೆ. ಸಂಜೆಗೆ ನಾನು ಅವರ ಸ್ಟೇಟಸ್ಸು, ಮಾರನೇ ದಿನ ಯಾರಿಗೂ ನೆನಪಿಲ್ಲ.

ಕೆಜಿಎಫ್‌ಗೆ ಲೆಕ್ಕ ಬರೆದಿಡುವುದು ಹೊಸದಲ್ಲವಲ್ಲ ಎಂದು ಪ್ರತಿನಿಧಿ ಕೆಣಕಿದರು. ಮೃಗ ಕೊಂಬು ಹಿಂದಕ್ಕೆಸೆದು ಮೂಗು ಮೇಲೆತ್ತಿತು.

ಕೃಷ್ಣಮೃಗ: ಅದೇ ನನ್ನ ತಕರಾರು. ನೂರಿಪ್ಪತ್ತು ವರ್ಷಕ್ಕೆ ಸುಮಾರು 800 ಟನ್ ಚಿನ್ನ ತೆಗೆದ ಲೆಕ್ಕ ಇದೆ. ದಿಬ್ಬ 13, ಅದರ ಮಣ್ಣು 3 ಕೋಟಿ ಟನ್ನಿಗೂ ಮೇಲೆ ಅನ್ನೋ ಲೆಕ್ಕವೂ ಇದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು, ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊ ಕಣ ಯಾವಾಗ ಸಿಕ್ಕೀತು ಅಂತ ವಿಜ್ಞಾನಿಗಳು ಕಾದು ಕೂತು ಎಣಿಸಿದರು. ಹಗಲು ಹೊತ್ತು ಬಯಲಲ್ಲಿ ಮೇಯೋ ನನ್ನ ವಿಷಯಕ್ಕೆ ಬಂದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ‘ಸುಮಾರು’!

ಪ್ರತಿನಿಧಿ: ಲೆಕ್ಕ ಯಾಕೆ? 1972ರ ವನ್ಯಜೀವಿ ಕಾಯಿದೆಯ ಒಂದನೇ ಪರಿಚ್ಛೇದದಲ್ಲೇ ನಿಮ್ಮ ಹೆಸರಿದೆ.

ಕೃಷ್ಣಮೃಗ: ಆ ಕಾನೂನು ನನ್ನ ಚರ್ಮ, ಕೊಂಬು ಕಾಯುತ್ತೆ. ಗೊರಸಿನ ಕೆಳಗಿನ ನೆಲ ಗಣಿ ಕಂಪನಿಯದು, ಬೆಮೆಲ್ ಕಾರ್ಖಾನೆಯದು, ಸರ್ಕಾರದ್ದು. ಕಡತದಲ್ಲಿ ಅದಕ್ಕೆ ‘ಬಳಕೆಯಾಗದ ಜಮೀನು’ ಅಂತ ಹೆಸರು. ಬೆಮೆಲ್‌ನ ಮಿಕ್ಕ ಜಮೀನಿನಲ್ಲಿ ಕೈಗಾರಿಕೆ ಬರಲಿ ಅಂತಾರೆ. ದಿಬ್ಬದ ಮಣ್ಣಿಂದ ಮತ್ತೆ ಚಿನ್ನ ತೆಗೆಯೋಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು.

ಪ್ರತಿನಿಧಿ: ಊರಿಗೆ ಕೆಲಸ ಬೇಡವೇ?

ಮೃಗ ಒಂದು ಗಳಿಗೆ ಸುಮ್ಮನಿತ್ತು.

ಕೃಷ್ಣಮೃಗ: ಬೇಕು. ನಸುಕಿನಲ್ಲೇ ಬುತ್ತಿ ಹಿಡಿದು ಬೆಂಗಳೂರು ರೈಲಿಗೆ ಓಡೋರನ್ನ ದಿನಾ ನೋಡ್ತೀನಿ, ನನಗಿಂತ ಜೋರಾಗಿ ಓಡ್ತಾರೆ. ಕಾರ್ಖಾನೆ ಬೇಡ ಅನ್ನೋಕೆ ನಾನು ಯಾರು? ಜಾಗ ಖಾಲಿ ಅಂತ ಮಾತ್ರ ಬರೀಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೇಳಿದ್ದೀರಾ? ಅಲ್ಲಿನ ನಮ್ಮವರ ಬಗ್ಗೆ ತುಮಕೂರಿನ ವನ್ಯಜೀವಿ ಹವ್ಯಾಸಿಗಳು ಬಿಡದೆ ದಾಖಲೆ ಮಾಡಿ, ಸರ್ಕಾರದ ಬೆನ್ನು ಹತ್ತಿದರು. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯ್ತು. ಇರೋದು ಸುಮಾರು 800 ಎಕರೆ.

ಪ್ರತಿನಿಧಿ: ಇಲ್ಲಿನವರು ಏನು ಮಾಡಬೇಕು?

ಕೃಷ್ಣಮೃಗ: ತಿಂಗಳಿಗೊಂದು ದಿನ, ಅದೇ ದಾರಿ, ಅದೇ ಹೊತ್ತು. ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು, ಬೀದಿನಾಯಿ ಎಷ್ಟು, ಅಷ್ಟು ಬರೆದರೆ ಸಾಕು. ಏನೂ ಕಾಣದಿದ್ದರೆ ಸೊನ್ನೆ ಅಂತಲೂ ಬರೀಬೇಕು, ಅದನ್ನೇ ಎಲ್ಲರೂ ಬಿಡೋದು. ಇನ್ನೊಂದು ಮಾತು, ಹುಲ್ಲಿನಲ್ಲಿ ಮರಿ ಒಂದೇ ಮಲಗಿದ್ದರೆ ಅಯ್ಯೋ ಪಾಪ ಅಂತ ಮನೆಗೆ ಹೊತ್ತುಕೊಂಡು ಹೋಗಬೇಡಿ. ತಾಯಿಯೇ ಬಚ್ಚಿಟ್ಟು ಮೇಯೋಕೆ ಹೋಗಿರ್ತಾಳೆ. ಸೀಲ್ ಮರಿ ದಂಡೆಯಲ್ಲಿ ಒಂಟಿಯಾಗಿ ಬಿದ್ದಿದ್ದರೆ ನೀರಿಗೆ ತಳ್ಳಬೇಡಿ ಅಂತ ಕಾರ್ನ್‌ವಾಲ್‌ನವರೂ ಹೇಳಿ ಹೇಳಿ ಸೋತಿದ್ದಾರೆ.

ಅಷ್ಟರಲ್ಲಿ ದಿಬ್ಬದ ಕಡೆಯಿಂದ ಬೊಗಳುವ ಸದ್ದು. ಅತ್ತ ಮೇಯುತ್ತಿದ್ದ ಹೆಣ್ಣುಗಳು ಚೆಂಡು ಪುಟಿದಂತೆ ನಾಲ್ಕೂ ಕಾಲು ಎತ್ತಿ ನೆಗೆದವು, ಗಂಡು ಅವುಗಳ ಹಿಂದೆ. ಬೂದಿಬಣ್ಣದ ಧೂಳು ಕೂರುವ ಹೊತ್ತಿಗೆ ಬಯಲಿನಲ್ಲಿ ಯಾರೂ ಇರಲಿಲ್ಲ.

ಪ್ರತಿನಿಧಿ ಗಡಿಯಾರ ನೋಡಿ, ಪುಸ್ತಕ ತೆರೆದು ಬರೆದುಕೊಂಡರು: ಸಂಜೆ 5.40. ಗಂಡು 1, ಹೆಣ್ಣು 4, ಮರಿ 0, ನಾಯಿ 6.