ಅಗಸ್ಟಸ್ ಚಕ್ರವರ್ತಿಯ ವಿಗ್ರಹ: ತಯಾರಿಕೆ ಮತ್ತು ನಿರ್ವಹಣೆಯ ಕೈಪಿಡಿ

ಉಳಿ ಹಿಡಿಯುವ ಮೊದಲು ಚಕ್ರವರ್ತಿಯನ್ನು ಕಣ್ಣಾರೆ ನೋಡುವ ಚಪಲ ಬಿಡಿ. ನೋಡಿದರೆ ಕೆಲಸ ಕೆಡುತ್ತದೆ. ಚರಿತ್ರೆಕಾರ ಸ್ವೆಟೋನಿಯಸ್ ಬರೆದಿಟ್ಟಿರುವ ಪ್ರಕಾರ ಆಸಾಮಿ ಗಿಡ್ಡ. ಎತ್ತರ ಕಾಣಲೆಂದು ದಪ್ಪ ಅಟ್ಟೆಯ ಪಾದರಕ್ಷೆ ಮೆಟ್ಟುತ್ತಿದ್ದ. ಹಲ್ಲುಗಳು ಸಣ್ಣವು, ಬಿಡಿಬಿಡಿ, ಮೇಲೆ ಹುಳುಕು ಬೇರೆ. ನೀವು ಬಾಯಿ ಮುಚ್ಚಿಸಿ ಕೆತ್ತಿದರೆ ಹಲ್ಲಿನ ತಾಪತ್ರಯವಿಲ್ಲ.

ವಯಸ್ಸು ಕೇಳಬೇಡಿ. ಕ್ರಿ.ಶ. 14ರಲ್ಲಿ ಸಾಯುವಾಗ ಅವನು 76ರ ಹೊಸ್ತಿಲಲ್ಲಿದ್ದ. ಕಲ್ಲಿನಲ್ಲಿ ಮಾತ್ರ ಹರೆಯ ದಾಟಲೇ ಇಲ್ಲ. ಗುರುತು ಹಿಡಿಯಲು ಮುಂಗೂದಲು ನೋಡಿ: ಹಣೆಯ ಮೇಲೆ ಒಂದೆಡೆ ಕವೆಯಂತೆ ಸೀಳಬೇಕು, ಇನ್ನೊಂದೆಡೆ ಇಕ್ಕಳದಂತೆ ಕೂಡಬೇಕು. ಇದಿಷ್ಟು ಸರಿಯಾಗಿದ್ದರೆ ಮೂಗು ಮುರಿದ ತಲೆಯನ್ನೂ ವಿದ್ವಾಂಸರು ಅಗಸ್ಟಸನದೇ ಎಂದು ಒಪ್ಪುತ್ತಾರೆ.

ದೊಡ್ಡ ಗಾತ್ರದ ಆರ್ಡರ್ ಬಂದರೆ, 1863ರಲ್ಲಿ ರೋಮಿನ ಹೊರವಲಯದ ಪ್ರೀಮಾ ಪೋರ್ತಾದಲ್ಲಿ, ಅವನ ಹೆಂಡತಿ ಲಿವಿಯಾಳ ಮನೆಯ ಅವಶೇಷದಲ್ಲಿ ಸಿಕ್ಕ ಅಮೃತಶಿಲೆಯ ವಿಗ್ರಹವನ್ನು ಅನುಸರಿಸಿ. ಈಗ ಅದು ವ್ಯಾಟಿಕನ್ನಿನಲ್ಲಿದೆ, ಎರಡು ಮೀಟರ್ ಎತ್ತರ. ಮೇಲೆ ಸೇನಾಪತಿಯ ಕವಚ, ಕೆಳಗೆ ಬರಿಗಾಲು. ದೇವತೆಗಳೂ ವೀರರೂ ಪಾದರಕ್ಷೆ ಹಾಕುವುದಿಲ್ಲವಲ್ಲ! ದಪ್ಪ ಅಟ್ಟೆಯ ಗುಟ್ಟೂ ಅಲ್ಲಿಗೆ ಮುಗಿಯಿತು. ಬಲಗಾಲಿನ ಪಕ್ಕ ಡಾಲ್ಫಿನ್ ಏರಿದ, ವೀನಸ್‌ಳ ಮಗ ಪುಟ್ಟ ಕ್ಯುಪಿಡ್ ಇರಲಿ. ವಂಶ ವೀನಸ್ ದೇವಿಯದು ಎಂದು ಸಾರಿದಂತೆಯೂ ಆಯಿತು, ಕಲ್ಲಿನ ಭಾರಕ್ಕೆ ಆಸರೆಯೂ ಆಯಿತು.

ಎದೆಗವಚದ ನಡುವೆ ಒಬ್ಬ ಪಾರ್ಥಿಯನ್ ರೋಮನ್ ಧ್ವಜವನ್ನು ಹಿಂದಿರುಗಿಸುತ್ತಿರಬೇಕು. ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಪಾರ್ಥಿಯನ್ನರಿಗೆ ಸೋತು ಕಳೆದದ್ದು ಕ್ರಿ.ಪೂ. 20ರಲ್ಲಿ ವಾಪಸ್ ಬಂತು, ಯುದ್ಧದಿಂದಲ್ಲ, ಮಾತುಕತೆಯಿಂದ. ಕವಚ ನೋಡಿದವರಿಗೆ ಹಾಗನ್ನಿಸದಿದ್ದರೆ ಅದು ನಿಮ್ಮ ಕೈಚಳಕ. ಕೊನೆಯಲ್ಲಿ ಬಣ್ಣ ಬಳಿಯಿರಿ, ಕೆಂಪು ನೀಲಿ ಎರಡೂ ಧಾರಾಳವಾಗಿರಲಿ. ಬಿಳಿ ಕಲ್ಲಿನ ಗಾಂಭೀರ್ಯ ಎಂದು ನಾವು ಮೆಚ್ಚುವುದೆಲ್ಲ ಬಣ್ಣ ಹೋದ ಮೇಲಿನ ಕಥೆ.

ಸಣ್ಣ ಗಾತ್ರದಲ್ಲಿ ನಾಣ್ಯವಿದೆ. ಅದರ ಸಾಗಾಣಿಕೆ ಎಷ್ಟು ಸಲೀಸೆಂದರೆ ನಮ್ಮ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲೂ ಇವನ ಮುಖವಿದೆ.

ಲೋಹ ಆರಿಸುವಾಗ ಜೋಕೆ. ತನ್ನ ಸುಮಾರು 80 ಬೆಳ್ಳಿ ಪ್ರತಿಮೆಗಳನ್ನು ತಾನೇ ತೆಗೆಸಿ, ಆ ಹಣದಲ್ಲಿ ಅಪೊಲೊ ದೇವಾಲಯಕ್ಕೆ ಚಿನ್ನದ ಕಾಣಿಕೆ ಕೊಟ್ಟೆನೆಂದು ಅಗಸ್ಟಸನೇ ಹೇಳಿಕೊಂಡಿದ್ದಾನೆ. ವಿನಯವನ್ನೂ ಶಾಸನದಲ್ಲಿ ಕೆತ್ತಿಸುವ ಗಿರಾಕಿ! ಕಂಚಿನವು ಸಾಮಾನ್ಯವಾಗಿ ಮುಂದಿನವರ ಕುಲುಮೆಗೆ ಹೋಗುತ್ತವೆ.

ಸಂರಕ್ಷಣೆಗೆ ಶತ್ರುಗಳೇ ವಾಸಿ. ಈಜಿಪ್ಟಿನ ಗಡಿಗೆ ನುಗ್ಗಿದ ಕುಶ್ ಸೈನ್ಯ ಅವನ ಪ್ರತಿಮೆಗಳನ್ನು ಕೆಡವಿತು. ರೋಮನ್ನರು ಹಲವನ್ನು ಬಿಡಿಸಿಕೊಂಡರು, ಒಂದು ತಲೆ ಬಿಟ್ಟು. ಇಂದಿನ ಸುಡಾನಿನ ಮೆರೋಯೆಯಲ್ಲಿ, ಗುಡಿಯ ಮೆಟ್ಟಿಲ ಕೆಳಗೆ ಕುಶ್ ಜನ ಅದನ್ನು ಹೂತರು, ಬಂದವರೆಲ್ಲ ತುಳಿದು ಹೋಗಲಿ ಎಂದು. 1910ರಲ್ಲಿ ಜಾನ್ ಗಾರ್ಸ್ಟಾಂಗ್ ಅಗೆದು ತೆಗೆದಾಗ ಗಾಜಿನ ಪಾಪೆಗಳ ಸಮೇತ ಎರಡೂ ಕಣ್ಣು ನೆಟ್ಟಗಿದ್ದವು. ಚಕ್ರವರ್ತಿಗೆ ಭಕ್ತಿಯಿಂದ ನಿಲ್ಲಿಸಿದ ಕಂಚುಗಳಲ್ಲಿ ಇಂಥ ಭಾಗ್ಯ ಪಡೆದವು ತೀರಾ ವಿರಳ. ಆದ್ದರಿಂದ ಸ್ಥಾಪನೆಯ ಖರ್ಚಿನಲ್ಲಿ ಮೆಟ್ಟಿಲು ತೋಡುವ ಕೂಲಿಯನ್ನೂ ಸೇರಿಸಿ. ಬಿಲ್ಲಿನಲ್ಲಿ ಮಾತ್ರ ‘ಇತರೆ’ ಎಂದು ಬರೆಯಿರಿ.