ಜನರಲ್ ಶಿಫ್ಟಿನ ಕಂಪನಿಯಣ್ಣ

ಒಡೆಯರಪಾಳ್ಯದಲ್ಲಿ ಕೊಳ್ಳೇಗಾಲದ ಬಸ್ಸು ತಡವಾದರೆ ಕಾಯುವವರು ಬೀಡಿ ಹಚ್ಚುತ್ತಾರೆ, ಇಲ್ಲವೇ ಡ್ರೈವರನ ವಂಶಾವಳಿ ತೆಗೆಯುತ್ತಾರೆ. ಒಬ್ಬ ಮಾತ್ರ ಕೈಗಡಿಯಾರ ನೋಡಿಕೊಂಡು, "ಬ್ರೇಕ್‌ಡೌನೋ, ಮ್ಯಾನ್‌ಪವರ್ ಶಾರ್ಟೇಜೋ?" ಎಂದು ಕೇಳುತ್ತಾನೆ. ಅವನೇ ಕಂಪನಿಯಣ್ಣ. ಹನೂರು, ಲೊಕ್ಕನಹಳ್ಳಿ, ಯಳಂದೂರು ಸುತ್ತಿನ ಯಾವ ಊರಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಐಟಿಐ ಫಿಟ್ಟರ್ ಮುಗಿಸಿ, ನಂಜನಗೂಡಿನಲ್ಲೋ ಪೀಣ್ಯದಲ್ಲೋ ಹೊಸೂರಿನಲ್ಲೋ ವರ್ಷಗಟ್ಟಲೆ ಕಾಂಟ್ರಾಕ್ಟಿನಲ್ಲಿ ದುಡಿದು, ಅಪ್ಪನ ಎರಡೆಕರೆ ಮುಸುಕಿನ ಜೋಳ ನೋಡಿಕೊಳ್ಳಲು ವಾಪಸು ಬಂದವನು. ಬರುವಾಗ ತಂದಿದ್ದು ಒಂದು ಜೊತೆ ಸೇಫ್ಟಿ ಶೂ, ಒಂದು ವರ್ನಿಯರ್ ಕ್ಯಾಲಿಪರ್, ಮತ್ತೆ ಮೂಟೆಗಟ್ಟಲೆ ಇಂಗ್ಲಿಷು.

ಈ ಇಂಗ್ಲಿಷು ಕಾಲೇಜಿನದಲ್ಲ. "ಹೌ ಆರ್ ಯೂ" ಎಂದರೆ ಕಂಪನಿಯಣ್ಣ ನಕ್ಕು ತಲೆ ಕೆರೆದುಕೊಳ್ಳುತ್ತಾನೆ. "ರಿಜೆಕ್ಷನ್ ಯಾಕೆ ಬಂತು" ಎಂದು ಕೇಳಿ ನೋಡಿ, ಕೂತ ಜಾಗ ಬಿಟ್ಟು ಏಳಲು ಬಿಡುವುದಿಲ್ಲ. ಊಟಕ್ಕೆ ಕೂತರೆ ಮುದ್ದೆ ಅವನಿಗೆ ಮೆಷಿನ್ನಿನಿಂದ ಇಳಿದ 'ಜಾಬು'. ಎರಡು ಮುದ್ದೆಯಲ್ಲಿ ಒಂದು ದಪ್ಪ, ಒಂದು ಸಣ್ಣ ಕಂಡರೆ "ಟಾಲರೆನ್ಸ್ ಮೀರಿದೆ" ಎನ್ನುತ್ತಾನೆ. 0.02 ಮಿಲಿಮೀಟರ್‌ವರೆಗೆ ಅಳೆಯುವ ಆ ವರ್ನಿಯರನ್ನು ಒಮ್ಮೆ ನಿಜವಾಗಿಯೂ ಮುದ್ದೆಗೆ ಹಿಡಿದನಂತೆ. ಅದರ ದವಡೆಗೆ ಅಂಟಿದ ಹಿಟ್ಟನ್ನು ತೆಗೆಯಲು ಎರಡು ದಿನ ಹಿಡಿಯಿತು ಎಂದು ಊರವರು ಹೇಳುತ್ತಾರೆ. ಊರವರ ಮಾತಿಗೂ ಟಾಲರೆನ್ಸ್ ಕೊಟ್ಟೇ ಕೇಳಬೇಕು.

ಕೆಲಸದ ಜಾಗ ಓರಣವಾಗಿಡುವ ಫೈವ್ ಎಸ್ ಅಂತೂ ಅವನಿಗೆ ಮಾದಪ್ಪನ ಹರಕೆಗಿಂತ ಒಂದು ಕೈ ಹೆಚ್ಚು. ಸೈರಿ, ಸೈಟನ್, ಸೈಸೊ, ಸೈಕೆತ್ಸು, ಶಿತ್ಸುಕೆ: ಒಂದೇ ಉಸಿರಿಗೆ ಹೇಳುತ್ತಾನೆ. ಇವು ಜಪಾನಿ ಮಾತುಗಳು ಎಂದರೆ ನಂಬುವುದಿಲ್ಲ, ಸೂಪರ್‌ವೈಸರ್ ಹೇಳಿದ್ದೆಲ್ಲ ಇಂಗ್ಲಿಷೇ. 1990ರ ದಶಕದ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಎದ್ದ ಮೇಲೆ ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳಿಗೂ ದಿನದಿನಕ್ಕೆ ಸುಧಾರಿಸುವ ಕೈಜೆನ್, ತಪ್ಪಾಗದಂತೆ ತಡೆಯುವ ಪೋಕಾ ಯೋಕೆ ಎಲ್ಲ ಇಳಿದವು, ಅಲ್ಲಿಂದ ನಮ್ಮ ಹುಡುಗರ ಬಾಯಿಗೆ ಬಂದವು. ಬೇಡದ ಸಾಮಾನಿಗೆ ಕೆಂಪು ಚೀಟಿ ಕಟ್ಟಬೇಕು ಎಂಬುದು ಫೈವ್ ಎಸ್‌ನ ಮೊದಲ ಪಾಠ. ಊರಿಗೆ ಬಂದ ಹೊಸತರಲ್ಲಿ ಅವನು ಅಜ್ಜಿಯ ಒರಳುಕಲ್ಲಿಗೆ, ಕಿವಿ ಮುರಿದ ತಪ್ಪಲೆಗೆ, ಹಳೇ ನೇಗಿಲಿಗೆ ಚೀಟಿ ಕಟ್ಟಿದ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಚೀಟಿಯೂ ಬಿಚ್ಚಿಹೋಗಿ ಅವನ ಸೇಫ್ಟಿ ಶೂಗೆ ನೇತಾಡುತ್ತಿದ್ದವು. ಅಕ್ಷರ ಬಾರದ ಅವ್ವನಿಗೆ ಪಾಠ ಮಾತ್ರ ಸರಿಯಾಗಿ ಅರ್ಥವಾಗಿತ್ತು.

ಟಿಬೆಟನ್ ಕ್ಯಾಂಪಿನ ಕಡೆ ಹೋದರೆ ಇನ್ನೂ ಚೆಂದ. 1970ರ ದಶಕದಲ್ಲಿ ಇಲ್ಲಿಗೆ ಬಂದು ಕಾಡಂಚಿನಲ್ಲಿ ಜೋಳ ಬಿತ್ತಿದ ಮಂದಿ ಅವರು, ಚಳಿಗಾಲಕ್ಕೆ ಊರೂರು ಸುತ್ತಿ ಸ್ವೆಟರ್ ಮಾರುತ್ತಾರೆ. ಕಂಪನಿಯಣ್ಣ ಅಲ್ಲಿನ ಮುದುಕಿಯ ಹತ್ತಿರ ಸ್ವೆಟರ್ ಹಿಡಿದು, "ಇದು ಕ್ಯೂಸಿ ಪಾಸಾ? ಲಾಟ್ ನಂಬರ್ ಎಲ್ಲಿ?" ಎನ್ನುತ್ತಾನೆ. ಮುದುಕಿ ಅಚ್ಚ ಕೊಳ್ಳೇಗಾಲದ ಕನ್ನಡದಲ್ಲಿ, "ಬೇಕಾದ್ರ ತಕ್ಕ, ಇಲ್ದಿದ್ರ ಮಡುಗು" ಎನ್ನುತ್ತಾಳೆ.

ನನಗೆ ಅನ್ನಿಸುವುದಿಷ್ಟು. ಟಾರ್ಗೆಟ್, ರೀವರ್ಕ್, ವಾರ್ನಿಂಗ್ ಲೆಟರ್, ಲಾಸ್ ಆಫ್ ಪೇ, ಈ ಮಾತುಗಳನ್ನೆಲ್ಲ ಅಷ್ಟು ವರ್ಷ ಯಾರೋ ಅವನ ಮೇಲೆ ಎಸೆದಿದ್ದರು. ಎಲ್ಲವನ್ನೂ ಹಿಡಿದು ಜೇಬಿಗೆ ಹಾಕಿಕೊಂಡ. ಈಗ ಎಸೆಯುವ ಸರದಿ ಅವನದು, ಆದರೆ ಎದುರಿಗಿರುವುದು ಅಪ್ಪ, ಅವ್ವ, ಎರಡು ಎಮ್ಮೆ.

ಹೋದ ಮಳೆಗಾಲದಲ್ಲಿ ಆನೆ ಬಂದು ಅರ್ಧ ಎಕರೆ ಜೋಳ ತುಳಿದು ಹೋಯಿತು. ಬೇರೆ ಮನೆಯಾಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಬರೆಯುತ್ತಿದ್ದರು. ಕಂಪನಿಯಣ್ಣ ಹೊಲದ ಬದುವಿನ ಮೇಲೆ ಮೀಟಿಂಗ್ ಕರೆದ. ಯಾವುದೇ ತೊಂದರೆಗೂ ಐದು ಸಲ 'ಯಾಕೆ' ಎಂದು ಕೇಳಿದರೆ ಬುಡ ಸಿಗುತ್ತದೆ ಎಂಬುದು ಟೊಯೊಟಾದವರೇ ಹಬ್ಬಿಸಿದ ವಿದ್ಯೆ. ಅಪ್ಪನನ್ನು ನಿಲ್ಲಿಸಿಕೊಂಡು ಶುರು ಮಾಡಿದ.

"ಜೋಳ ಯಾಕ ಹೋಯ್ತು?"

"ಆನ ಬಂತು ಕನ್ಲಾ."

"ಆನ ಯಾಕ ಬಂತು?"

"ಕಂದಕ ಮುಚ್ಚೋಗದ."

"ಯಾಕ ಮುಚ್ಚೋಯ್ತು?"

"ಮಳಗ ಮಣ್ಣು ಜರುಗ್ತು."

"ಬಂದ ಆನ್ಯ ಯಾಕ ಯಾರೂ ಓಡಿಸ್ನಿಲ್ಲ?"

"ಅಟ್ಟಣ ಮೇಲ ಯಾರೂ ಇರ್ನಿಲ್ಲ."

ಕಂಪನಿಯಣ್ಣ ಹತ್ತಿರ ಬಂದೆವೆಂದು ಪೆನ್ನು ತೆಗೆದ. "ಯಾಕ ಇರ್ನಿಲ್ಲ?"

"ನೆನ್ನ ಕಾವಲು ನಿಂದು ಕನ್ಲಾ! ಜನರಲ್ ಶಿಫ್ಟು ಅಂದ್ಬುಟ್ಟು ಐದೂವರ್ಗೇ ಮನಗ ಬಂದು ಮನೀಕಂಡಲ್ಲ!"

ಮೀಟಿಂಗಿನ ಮಿನಿಟ್ಸ್ ಇಂದಿಗೂ ಬರೆದಾಗಿಲ್ಲ.

ಇಷ್ಟೆಲ್ಲ ನಗುವ ಊರು ಭಾನುವಾರ ಬೆಳಿಗ್ಗೆ ಅವನ ಜಗಲಿಯ ಮೇಲೇ ಕೂರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಬಂದ ಹೆಂಗಸರು, ಕೈಯಲ್ಲಿ ಮೊಬೈಲು, ಮಡಿಸಿದ ಪೇ ಸ್ಲಿಪ್ಪು. ಪಿಎಫ್‌ನ ಯುಎಎನ್ ನಂಬರು ಮರೆತುಹೋಗಿದೆ, ಆಧಾರಿನಲ್ಲಿ ಒಂದು ಹೆಸರು, ಕಂಪನಿಯಲ್ಲಿ ಇನ್ನೊಂದು, ಪಿಎಫ್ ಬರುತ್ತಿಲ್ಲ. ಆಗ ಕಂಪನಿಯಣ್ಣ ಬೇರೆಯೇ ಮನುಷ್ಯ. "ಈ ನೂರಕ್ಕೆ ಹನ್ನೆರಡು ನಿನ್ನ ಸಂಬಳದಾಗ ಹಿಡ್ದದ್ದು ಕನವ್ವ, ಅಷ್ಟೇ ಕಂಪನಿಯವ್ರೂ ಹಾಕ್ಬೇಕು, ಅದರಾಗ ಒಂದು ಪಾಲು ಪಿಂಚಣಿಗ ಹೋಯ್ತದ" ಎಂದು ಬೆರಳಿಟ್ಟು ತೋರಿಸುತ್ತಾನೆ. ಒಂದು ಗಂಟೆ ಹೊತ್ತು ರಿಜೆಕ್ಷನ್ನೂ ಇಲ್ಲ, ಕೈಜೆನ್ನೂ ಇಲ್ಲ.

ಅದಕ್ಕೆ ಹೆಂಡತಿಯ ಭಯವೂ ಕಾರಣವಿರಬಹುದು. ಅವಳು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವಳು. ಮಾಲೀಕರು ಹಾಕಿದ ಪಾಲು ಐವತ್ತೆಂಟು ತುಂಬುವವರೆಗೆ ಸಿಗದು ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರಲ್ಲ, ಹೊಸೂರು ರಸ್ತೆಯ ಆ ಗುಂಪಿನಲ್ಲಿ ಇವಳೂ ಇದ್ದಳು. ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. ಅಂದು ಕಂಪನಿಯಣ್ಣ ಎಲ್ಲಿದ್ದ ಎಂದು ಕೇಳಿದರೆ, "ಸೆಕೆಂಡ್ ಶಿಫ್ಟು, ಲೈನ್ ಬಿಡಂಗಿರ್ನಿಲ್ಲ" ಎನ್ನುತ್ತಾನೆ, ದನಿ ಸ್ವಲ್ಪ ತಗ್ಗಿಸಿ.

ಕೊನೆಯ ಹೆಂಗಸು ಎದ್ದು ಹೋಗುವಷ್ಟರಲ್ಲಿ ಅವನಿಗೆ ಮೊದಲಿನ ಗತ್ತು ಮರಳುತ್ತದೆ. ಒಳಕ್ಕೆ ಕೂಗುತ್ತಾನೆ: "ಒಂದು ಟೀ, ಅರ್ಜೆಂಟ್, ಟಾಪ್ ಪ್ರಯಾರಿಟಿ!"

ಒಳಗಿಂದ ಪಾತ್ರೆ ಸದ್ದಿನ ನಡುವೆ ಉತ್ತರ ಬರುತ್ತದೆ: "ಇವತ್ತು ವೀಕ್ಲಿ ಆಫು. ಓಟಿಗ ಡಬಲ್ ಆಯ್ತದ, ಕೊಟ್ಟೀಯ?"