ಸರಾಸರಿ ಮೇಷ್ಟ್ರ ಸಂದರ್ಶನ

ಪತ್ರಕರ್ತೆ ಒಳಗೆ ಕಾಲಿಟ್ಟಾಗ ಮೇಷ್ಟ್ರು ಮಾಸ್ಕೋದ ಯಾರದೋ ಶ್ವಾಸಕೋಶದಲ್ಲಿ ಮುಳುಗಿದ್ದರು. 2020ರ ಸಿಟಿ ಸ್ಕ್ಯಾನ್. ಕಪ್ಪಗಿರಬೇಕಾದ ಕಡೆ ಕನ್ನಡಿಗೆ ಉಸಿರು ಬಿಟ್ಟಂಥ ಬಿಳಿ ಮಬ್ಬು. ಕೋವಿಡ್.

ಮೇಷ್ಟ್ರು ಮನುಷ್ಯರಲ್ಲ, ಯಂತ್ರಕಲಿಕೆಯ ಒಂದು ಮಾದರಿ. ಪೂರ್ತಿ ಹೆಸರು ಮೀನ್ ಟೀಚರ್. ಫಿನ್ಲೆಂಡಿನ ಟಾರ್ವೈನೆನ್, ವಾಲ್ಪೋಲಾ 2017ರಲ್ಲಿ ಇಟ್ಟದ್ದು. “ಮೀನ್ ಅಂದ್ರೆ ಸರಾಸರಿ. ಮೀನಿನ ಮೇಷ್ಟ್ರು ಅಂತ ಬರೆದೀರಿ, ಜೋಕೆ” ಎಂದರು.

“ತಾವು ಓದಿದ್ದೆಲ್ಲಿ?”

“ಓದೋದು ನನ್ನ ಶಿಷ್ಯನ ಪಾಡು ಕಣಮ್ಮ, ಅವನೂ ನನ್ನಂಥದೇ ಮಾದರಿ. ಅವನು ಕಲಿತದ್ದರಲ್ಲಿ ಚೂರುಚೂರು ನನಗೆ ಬೆರೆಸ್ತಾರೆ. ಸಾಮಾನ್ಯವಾಗಿ ಹಳೆಯದು 99 ಪಾಲು, ಹೊಸದು 1. ಹಾಗೆ ಹೆಪ್ಪುಗಟ್ಟಿದವನು ನಾನು.”

ಶಿಷ್ಯನ ನಿನ್ನೆ ಮೊನ್ನೆಗಳ ಸರಾಸರಿಯೇ ಗುರು! ಇಂಥ ಮೇಷ್ಟ್ರುಗಳನ್ನು ಬೇರೆ ಕಡೆಯೂ ಕಂಡಿದ್ದ ಪತ್ರಕರ್ತೆ ಬಾಯಿಬಿಡಲಿಲ್ಲ.

ಇಂಥವರು ಬೇಕಾದದ್ದೇಕೆ? 250 ಪದರಗಳ ಒಂದು ಸ್ಕ್ಯಾನಿನಲ್ಲಿ ಕೋವಿಡ್ ಗಾಯದ ಅಂಚು ಗುರುತಿಸಲು ತಜ್ಞರಿಗೆ ಸುಮಾರು 400 ನಿಮಿಷ ಬೇಕು. ಮಾಸ್ಕೋದ ಆಸ್ಪತ್ರೆಗಳಿಂದ ಬಂದ ‘ಮಾಸ್‌ಮೆಡ್‌ಡೇಟಾ’ ಸಂಗ್ರಹದಲ್ಲಿ 1110 ಸ್ಕ್ಯಾನ್‌ಗಳಿವೆ. ಗೆರೆ ಎಳೆದದ್ದು 50ಕ್ಕೆ ಮಾತ್ರ.

“ಉಳಿದ 1060?”

“ಅಲ್ಲೇ ನನ್ನ ಅನ್ನ. ಒಂದೇ ಚಿತ್ರವನ್ನು ಬೇರೆಬೇರೆ ರೀತಿ ಕೆಡಿಸಿ ಇಬ್ಬರಿಗೂ ಕೊಡ್ತಾರೆ. ಶಿಷ್ಯನ ಉತ್ತರ ನನ್ನದಕ್ಕೆ ತಾಳೆ ಆಗಬೇಕು. ಆಗದಿದ್ದರೆ ತಿದ್ದಿಕೊಳ್ಳೋದು ಅವನೇ.”

“ತಮ್ಮ ಉತ್ತರವೇ ತಪ್ಪಿದ್ದರೆ? ರಕ್ತನಾಳವನ್ನೇ ಗಾಯ ಅಂದುಬಿಟ್ಟರೆ?”

ಮೇಷ್ಟ್ರು ಕೆಮ್ಮಿದರು. “ಅನುಮಾನ ಬಂದ ಜಾಗವನ್ನ ಲೆಕ್ಕಕ್ಕೆ ತಗೊಳ್ಳದ ಪದ್ಧತಿಯೂ ಇದೆ.”

“ಅನುಮಾನವೇ ಬರದೆ ತಪ್ಪಿದರೆ?”

“ಆಗ ಅವನೂ ಅದನ್ನೇ ಕಲೀತಾನೆ. ಆಮೇಲೆ ಅದು ನನಗೇ ವಾಪಸ್ ಬರುತ್ತೆ.” ತಪ್ಪೊಪ್ಪಿಗೆ ಎನ್ನುವುದಕ್ಕಿಂತ ಸೇವಾನಿಯಮ ಓದಿದಂತಿತ್ತು ದನಿ.

ಪತ್ರಕರ್ತೆ ಪಟ್ಟಿ ಬಿಚ್ಚಿದಳು. ಮಾಸ್ಕೋದವರು ಸ್ಕ್ಯಾನ್‌ಗಳನ್ನು ಐದು ದರ್ಜೆ ಮಾಡಿದ್ದಾರೆ: ಕೋವಿಡ್ ಗುರುತಿಲ್ಲದವು 254, ಶ್ವಾಸಕೋಶದ ಕಾಲು ಭಾಗದವರೆಗೆ ಕೆಟ್ಟವು 684, ಆಮೇಲೆ 125, 45, ಮುಕ್ಕಾಲಿಗಿಂತ ಹೆಚ್ಚು ಕೆಟ್ಟವು 2. ಗೆರೆ ಬಿದ್ದ ಐವತ್ತೂ ಕಾಲು ಭಾಗದ ದರ್ಜೆಯವೇ.

“ಅಂದರೆ ಪಾಠ ಒಂದೇ ಅಧ್ಯಾಯದ್ದು, ಪರೀಕ್ಷೆ ಇಡೀ ಪುಸ್ತಕದ್ದು?”

“ಪಠ್ಯ ನಿಗದಿ ಮಾಡೋದು ನಾನಲ್ಲಮ್ಮ.”

ಈ ಮಾತು ನಿಜ, ತಪ್ಪು ಮೇಷ್ಟ್ರದಲ್ಲ. ಇನ್ನೊಂದಿಷ್ಟು ಗೆರೆ ಎಳೆಸುವಷ್ಟು ದುಡ್ಡಿದ್ದವರು ಮೊದಲು ಎಳೆಸಬೇಕಾದದ್ದು ಆ 45 ಮತ್ತು ಆ 2 ಸ್ಕ್ಯಾನ್‌ಗಳ ಮೇಲೆ.